ಮಾಗಿ ಇರುಳಿನ ಕಾವಲು

1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತುತ್ತ ಪಿರಿಯಾಪಟ್ಟಣಕ್ಕೆ ಬಂದ. ಒಂದು ಕಾಲಕ್ಕೆ ಚಂಗಾಳ್ವರು ಆಳಿದ ಊರು ಅದು. ಟಿಪ್ಪು ಕಾಲದ ಯುದ್ಧಗಳಲ್ಲಿ ಕೋಟೆ ಪಾಳುಬಿದ್ದಿತ್ತು. ಆ ಪಾಳನ್ನು ಹುಲಿಗಳು ಪೂರ್ತಿ ತಮ್ಮದಾಗಿಸಿಕೊಂಡಿವೆ, ಕೆಲವೇ ರಾತ್ರಿಗಳ ಹಿಂದೆ ದಾರಿ ತಪ್ಪಿ ಒಳಹೊಕ್ಕ ಕುದುರೆಯೊಂದನ್ನು ಕೊಂದಿವೆ, ಮಟಮಟ ಮಧ್ಯಾಹ್ನದಲ್ಲೂ ಒಂಟಿಯಾಗಿ ಅಲ್ಲಿ ಕಾಲಿಡುವುದು ಅಪಾಯ ಎಂದು ಆತ ತನ್ನ ಪ್ರವಾಸ ಕಥನದಲ್ಲಿ ಬರೆದಿದ್ದಾನೆ. ಬೆನ್ನ ಹಿಂದೆ ದೊಡ್ಡ ಗುಂಪೇ ಇದ್ದರೂ ಅಲ್ಲಿನ ಗುಡಿಗಳೊಳಗೆ ಹೋಗಲು ಆತನಿಗೆ ಆಗಲಿಲ್ಲ. ಬಿಸಿಲು ಹೊತ್ತಿನಲ್ಲಿ ಹುಲಿಗಳು ಮಲಗುತ್ತಿದ್ದದ್ದು ಆ ಗುಡಿಗಳ ತಂಪಿನಲ್ಲಿ.

ಇನ್ನೂರು ವರ್ಷ ದಾಟಿದ ಮೇಲೆ ಅದೇ ಸೀಮೆಯಲ್ಲಿ ರಾತ್ರಿ ಓಡಾಡಿದರೆ ತೋಟದ ಮನೆ, ತಂಬಾಕಿನ ಬ್ಯಾರನ್, ಗೊಬ್ಬರದಂಗಡಿ, ಹಾಲಿನ ಡೇರಿಗಳ ಗೋಡೆಯ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕಿಗಳು ಕಾಣುತ್ತವೆ. ಸಿ.ಸಿ. ಕ್ಯಾಮೆರಾಗಳ ದೀಪಗಳವು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಇರುಳು ಕಾಯುವ ಕೆಲಸದ ದೊಡ್ಡ ಪಾಲು ಈಗ ಅವುಗಳ ಮೇಲೆ ಬಿದ್ದಿದೆ. ಆದರೆ ಡಿಸೆಂಬರ್ ಬಂದು ಕಾವಳ ಕವಿಯಲು ಶುರುವಾದರೆ, ಅಂಗಳದ ಕೋಳಿಯನ್ನೂ ಬಿಡದೆ ತೋರಿಸುತ್ತಿದ್ದ ಕ್ಯಾಮೆರಾ ಬೆಳಗಿನ ಜಾವಕ್ಕೆ ಬರೀ ಬಿಳುಪನ್ನು ತೋರಿಸುತ್ತದೆ. ಕಾವಲು ಹೆಚ್ಚು ಬೇಕಾದ ತಿಂಗಳಲ್ಲೇ ಅದರ ಕಣ್ಣು ಕಟ್ಟುತ್ತದೆ. ಇದರ ಹಿಂದೆ ಉದ್ದನೆಯ ಕಥೆಯೊಂದಿದೆ. ಊರೆಲ್ಲ ಸೇರಿ ಹೊತ್ತಿದ್ದ ಹೊಣೆ ಒಂದೊಂದೇ ಮನೆಯ ಪಾಲಿಗೆ ಹೇಗೆ ಬಂತು ಎಂಬ ಕಥೆ.

ಮಾಗಿಗೂ ಕಾವಲಿಗೂ ಇಲ್ಲಿ ಹಳೆಯ ನಂಟು. ರಾಗಿ ಕೊಯ್ಲು ನವೆಂಬರ್, ಡಿಸೆಂಬರಿನಲ್ಲಿ. ಕೊಯ್ದ ರಾಗಿ ಅರಿಯಾಗಿ ಹೊಲದಲ್ಲೇ ಒಣಗಬೇಕು, ಕಂತೆ ಕಟ್ಟಿ ಮೆದೆ ಒಟ್ಟಬೇಕು, ಸಗಣಿ ಬಳಿದ ಕಣದಲ್ಲಿ ಒಕ್ಕಬೇಕು. ಅಷ್ಟು ದಿನವೂ ವರ್ಷದ ಅನ್ನ ಬಯಲಲ್ಲಿರುತ್ತದೆ. ಕೆ.ಆರ್. ನಗರದ ಕಡೆ ಕಾವೇರಿ ನಾಲೆಗಳ ಬಯಲಲ್ಲಿ ಭತ್ತ ಕಟಾವಿಗೆ ಬರುವುದೂ ಇದೇ ಸುಮಾರಿಗೆ. ರಾಗಿ ಹೊಲದ ಅಕ್ಕಡಿ ಸಾಲಿನ ಅವರೆ ಇಬ್ಬನಿ ಕುಡಿದು ಸೊಗಡು ತುಂಬಿಕೊಳ್ಳುವುದೂ ಈಗಲೇ. ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಜೋಡಿಗಳನ್ನು ಕಟ್ಟಿಕೊಂಡ ರೈತರು ಅವುಗಳ ಪಕ್ಕದಲ್ಲೇ ಬೆಂಕಿ ಹಾಕಿಕೊಂಡು ರಾತ್ರಿ ಕಳೆಯುತ್ತಾರೆ. ತಂಬಾಕು ಬೆಳೆಯುವ ಮನೆಗಳಲ್ಲಿ ಹದ ಮಾಡಿದ ಎಲೆಯ ಬೇಲುಗಳು ಹರಾಜಿನ ಸರದಿಗೆ ಕಾಯುತ್ತ ನಡುಮನೆಯಲ್ಲೇ ಕೂತಿರುತ್ತವೆ. ಕಳ್ಳನಿಗೂ ಗೊತ್ತು, ಹಂದಿಗೂ ಗೊತ್ತು, ಆನೆಗೂ ಗೊತ್ತು: ಮಾಗಿಯಲ್ಲಿ ಊರು ತುಂಬಿರುತ್ತದೆ.

ಹಳೆಯ ಮೈಸೂರಿನ ಹಳ್ಳಿಯಲ್ಲಿ ಇದನ್ನೆಲ್ಲ ಕಾಯಲು ಗೊತ್ತಾದ ಜನ ಇದ್ದರು. ಗೌಡ, ಶಾನುಭೋಗರ ಜೊತೆಗೆ ಊರ ಆಯಗಾರರ ಪಟ್ಟಿಯಲ್ಲಿ ತಳವಾರ, ತೋಟಿ, ನೀರಗಂಟಿ ಇರುತ್ತಿದ್ದರು. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ ಐದನೇ ವರದಿ ದಕ್ಷಿಣದ ಹಳ್ಳಿಗಳ ಈ ವ್ಯವಸ್ಥೆಯನ್ನು ವಿವರವಾಗಿ ದಾಖಲಿಸಿದೆ. ಅದರ ಪ್ರಕಾರ ತಳವಾರನ ಕೆಲಸದ ಹರವು ದೊಡ್ಡದು. ಕಳವು, ಅಪರಾಧಗಳ ಸುಳಿವು ಹಿಡಿಯುವುದು, ಊರಿಂದೂರಿಗೆ ಹೋಗುವವರಿಗೆ ದಾರಿಯಲ್ಲಿ ಕಾವಲಾಗಿ ನಡೆಯುವುದು ಆತನ ಹೊಣೆ. ತೋಟಿಯ ಕೆಲಸ ಊರೊಳಗೆ. ಬೆಳೆ ಕಾಯುವುದು, ರಾಶಿ ಅಳೆಯುವಾಗ ಕೈಜೋಡಿಸುವುದು. ನೀರಗಂಟಿ ಕೆರೆ ತೂಬಿನ ನೀರು ಹಂಚುತ್ತಿದ್ದ. ಸಂಬಳವೆಂದರೆ ಒಂದಿಷ್ಟು ಇನಾಮಿನ ನೆಲ, ಸುಗ್ಗಿಯಲ್ಲಿ ಪ್ರತಿ ರೈತನ ಕಣದಿಂದ ಬರುವ ಆಯ.

ಈ ಏರ್ಪಾಟಿನಲ್ಲಿ ಒಂದು ಜಾಣತನವಿತ್ತು. ಕಾಯುವವನ ಕೂಲಿ ಕಾಯ್ದ ಕಣದಿಂದಲೇ ಬರುತ್ತಿತ್ತು. ರಾಶಿ ಉಳಿದರೆ ಆಯ, ಇಲ್ಲದಿದ್ದರೆ ಇಲ್ಲ. ಬಡವನ ಕಣ, ಗೌಡನ ಕಣ ಎನ್ನದೆ ಸುತ್ತು ಹಾಕಲೇಬೇಕಿತ್ತು. ಆದರೆ ಅದರೊಳಗೆ ಕ್ರೌರ್ಯವೂ ಇತ್ತು. ಹುದ್ದೆ ಹುಟ್ಟಿನಿಂದ ಬರುತ್ತಿತ್ತು. ಬಹಳಷ್ಟು ಊರುಗಳಲ್ಲಿ ತೋಟಿತನ ದಲಿತ ಕೇರಿಯ ತಲೆಗೇ ಕಟ್ಟಿದ ಬಿಟ್ಟಿ ಕೆಲಸವಾಗಿತ್ತು. ಮಾಗಿ ರಾತ್ರಿಯಲ್ಲಿ ಇನ್ನೊಬ್ಬರ ರಾಶಿಯ ಪಕ್ಕ ಕಂಬಳಿ ಹೊದ್ದು ಕೂತವನಿಗೆ ಬೆಳಗಾದ ಮೇಲೆ ಆ ಮನೆಯ ಹೊಸಿಲು ದಾಟುವ ಹಕ್ಕಿರಲಿಲ್ಲ. ಇಂಥದೇ ವಂಶಪಾರಂಪರ್ಯ ಗ್ರಾಮಸೇವೆಯಾದ ವತನಿನ ವಿರುದ್ಧ ಡಾ. ಬಿ.ಆರ್. ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನಸಭೆಗೆ ಮಸೂದೆ ತಂದರು. ಮಹಾರ್ ವತನು ಕೊಡುವ ಪುಡಿಗಾಸಿಗಿಂತ ಅದು ಕಸಿಯುವ ಸ್ವಾತಂತ್ರ್ಯ ದೊಡ್ಡದು ಎಂಬುದು ಅವರ ವಾದದ ತಿರುಳು. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರಲ್ಲಿ ಆಯಿತು, 1963ರ ಫೆಬ್ರುವರಿಯಿಂದ ಜಾರಿಗೆ ಬಂತು. ಪಟೇಲ, ಶಾನುಭೋಗ, ತಳವಾರ, ತೋಟಿ ಹುದ್ದೆಗಳು ಒಟ್ಟಿಗೇ ಹೋದವು. ಹೋಗಲೇಬೇಕಾಗಿತ್ತು.

ಊರಿನ ಆಚೆಗೂ ಕಾವಲಿನ ಲೋಕವೊಂದಿತ್ತು. ಹುಣಸೂರು ಹತ್ತೊಂಬತ್ತನೇ ಶತಮಾನದಲ್ಲಿ ಅಮೃತ ಮಹಲ್ ದನಗಳ ಇಲಾಖೆಯ ದೊಡ್ಡ ಠಾಣೆ. ಮೈಸೂರು ಅರಸರ ಮಂದೆಗೆ ಆ ಹೆಸರು ಕೊಟ್ಟವನು ಟಿಪ್ಪು ಸುಲ್ತಾನ್. 1799ರ ನಂತರ ಬ್ರಿಟಿಷ್ ಸೇನೆಯ ಫಿರಂಗಿ ಎಳೆಯಲು ಆ ಎತ್ತುಗಳೇ ಬೇಕಾದವು. ಮಂದೆಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಬೇರೆ ಬೇರೆ ಹಂಚಿದ್ದರು. ಪ್ರತಿಯೊಂದಕ್ಕೂ ಕಾವಲುಗಾರರಿದ್ದರು. 1860ರಲ್ಲಿ ಖರ್ಚು ಉಳಿಸಲೆಂದು ಮದ್ರಾಸ್ ಸರ್ಕಾರ ಮಂದೆಯನ್ನೇ ಮಾರಿಬಿಟ್ಟಿತು. ಒಳ್ಳೆಯ ಎತ್ತು ಸಿಗುವುದೇ ಕಷ್ಟವಾಗಿ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಕಾಯುವ ಜನರ ಮೇಲಿನ ಖರ್ಚು ದಂಡವೆಂದು ಕಂಡ ಮೊದಲ ಸಲವೂ ಅದಲ್ಲ, ಕೊನೆಯ ಸಲವೂ ಅಲ್ಲ.

ಕಬಿನಿ ದಂಡೆಯ ಕಾಕನಕೋಟೆಯಲ್ಲಿ ಕಾವಲಿನ ಇನ್ನೊಂದು ರೂಪ ಇತ್ತು. ಮೈಸೂರು ಸೀಮೆಯಲ್ಲಿ 1870ರ ದಶಕದಲ್ಲಿ ಆನೆ ಹಿಡಿಯುವ ಖೆಡ್ಡಾ ಆರಂಭಿಸಿದ ಜಿ.ಪಿ. ಸ್ಯಾಂಡರ್ಸನ್ ತನ್ನ ವಿಧಾನವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆನೆ ಹಿಂಡು ಇರುವ ಕಾಡಿನ ಸುತ್ತ ಇಬ್ಬಿಬ್ಬರಂತೆ ಆಳುಗಳನ್ನು ನಿಲ್ಲಿಸುತ್ತಿದ್ದರು. ಹಗಲು ಬಿದಿರು ಕಡಿದು ತೆಳು ಬೇಲಿ ಕಟ್ಟುವುದು, ಕತ್ತಲಾದೊಡನೆ ಪ್ರತಿ ಜೋಡಿಯೂ ಬೆಂಕಿ ಎಬ್ಬಿಸುವುದು, ಹಿಂಡು ಹತ್ತಿರ ಬಂದರೆ ಕೂಗು ಹಾಕಿ ತಿರುಗಿಸುವುದು. ಮೈಲಿಗಟ್ಟಲೆ ಉದ್ದದ ಆ ಬೆಂಕಿಯ ಸರದಲ್ಲಿ ಒಂದು ಕಡೆ ನಿದ್ದೆ ಬಂದರೂ ಹಿಂಡು ಕೈಬಿಟ್ಟಂತೆ. 1906ರ ಚಳಿಗಾಲದಲ್ಲಿ ಮೈಸೂರಿಗೆ ಬಂದ ವೇಲ್ಸ್ ರಾಜಕುಮಾರ, ಮುಂದೆ ಐದನೇ ಜಾರ್ಜ್ ಆದವನು, ಖೆಡ್ಡಾ ನೋಡಿ ಹೋದ. ಅತಿಥಿಗಳು ನೋಡಿದ್ದು ಆನೆಗಳು ನದಿ ದಾಟುವ ವೈಭವವನ್ನು. ಅದಕ್ಕೆ ಮುಂಚಿನ ಇರುಳುಗಳನ್ನು ಕಾಡಿನಲ್ಲಿ ಕಣ್ಣುಬಿಟ್ಟು ಕಳೆದವರಲ್ಲಿ ಆ ಕಾಡನ್ನು ಅಂಗೈಯಂತೆ ಬಲ್ಲ ಕುರುಬರಿದ್ದರು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮೂರು ವರ್ಷಗಳಲ್ಲಿ ಕಬಿನಿ ಅಣೆಕಟ್ಟೆಯ ಹಿನ್ನೀರು ಆ ನೆಲದ ಬಹುಪಾಲನ್ನು ಮುಳುಗಿಸಿತು.

ತೋಟಿ ಹೋದ ಮೇಲೆ ಕಣ ಯಾರು ಕಾಯಬೇಕು? ಸರ್ಕಾರದ ಉತ್ತರ 1964ರ ಗ್ರಾಮ ರಕ್ಷಣಾ ದಳ ಕಾಯ್ದೆ. ಊರಿನ ಯುವಕರನ್ನು ಸೇರಿಸಿ ದಳ ಕಟ್ಟುವುದು, ಗಸ್ತು ತಿರುಗುವುದು ಅದರ ಉದ್ದೇಶ. ದಳ ಗಟ್ಟಿಯಾಗಿದ್ದ ಊರುಗಳಲ್ಲಿ ಲಾಠಿ, ಬ್ಯಾಟರಿ, ಸೀಟಿಯ ಸದ್ದು ಕೇಳಿಸುತ್ತಿತ್ತು. ಉಳಿದ ಕಡೆ ಕಾವಲು ಮನೆಯವರ ಮೈಮೇಲೆ ಬಂತು. ಅಜ್ಜ ಕಣದಲ್ಲಿ, ಮಗ ಹೊಲದ ಅಟ್ಟಣೆಯ ಮೇಲೆ, ಹೆಂಗಸರು ಹಟ್ಟಿಯಲ್ಲಿ. ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನ ಹೊಲಗಳಲ್ಲಿ ಅಟ್ಟಣೆ ಇಂದಿಗೂ ಇದೆ. ನಾಲ್ಕು ಕವೆಗೋಲು, ಬಿದಿರಿನ ಹಾಸು, ಮೇಲೊಂದು ಹುಲ್ಲಿನ ಅಥವಾ ತಗಡಿನ ಮಾಡು, ಕೆಳಗೆ ಆರದಂತೆ ನೋಡಿಕೊಳ್ಳುವ ಕೊರಡಿನ ಬೆಂಕಿ, ಕೈಗೆ ಸಿಗುವಂತೆ ತಗಡಿನ ಡಬ್ಬ. ಹಾಲು ತುಂಬಿದ ರಾಗಿಯ ವಾಸನೆ ಹಿಡಿದು ಬರುವ ಆನೆಗೆ ಈ ಡಬ್ಬದ ಸದ್ದು ಬಹಳ ದಿನ ಹೊಸದಾಗಿ ಉಳಿಯುವುದಿಲ್ಲ. ಕಂದಕ, ಸೋಲಾರ್ ಬೇಲಿ, ಹಳೆಯ ರೈಲ್ವೆ ಕಂಬಿಗಳ ತಡೆಗೋಡೆ ಒಂದಾದ ಮೇಲೊಂದು ಬಂದವು. 2018ರ ಡಿಸೆಂಬರಿನಲ್ಲಿ ವೀರನಹೊಸಹಳ್ಳಿ ಬಳಿ ಕಂಬಿ ಬೇಲಿ ದಾಟಲು ಹೋದ ಆನೆಯೊಂದು ಅದಕ್ಕೇ ಸಿಕ್ಕಿ ಸತ್ತಿತು. ಅದೂ ಸುಗ್ಗಿಯ ಕಾಲ.

ತಂಬಾಕು ಈ ಸೀಮೆಯ ಇರುಳಿಗೆ ಇನ್ನೊಂದು ಜಾಗರಣೆ ಸೇರಿಸಿತು. ವರ್ಜೀನಿಯಾ ಎಲೆಯನ್ನು ಬ್ಯಾರನಿನಲ್ಲಿ ಹದ ಮಾಡುವುದು ಐದಾರು ದಿನಗಳ ಕೆಲಸ. ಸುಮಾರು 35 ಡಿಗ್ರಿಯಲ್ಲಿ ಎಲೆ ಹಳದಿಗೆ ತಿರುಗಬೇಕು, ನಿಧಾನಕ್ಕೆ ಶಾಖ ಏರಿಸುತ್ತ ಎಲೆಯ ಅಲಗು ಒಣಗಬೇಕು, ಕೊನೆಗೆ 70 ಡಿಗ್ರಿಯ ಸುಮಾರಿಗೆ ನಡುದಂಟು ಒಣಗಬೇಕು. ಒಲೆಗೆ ಸೌದೆ ಹೆಚ್ಚಾದರೆ ಎಲೆ ಕಪ್ಪಾಗುತ್ತದೆ, ಬೆಂಕಿ ಹತ್ತಿದರೆ ಬ್ಯಾರನ್ನೇ ಹೋಗುತ್ತದೆ. ಹಾಗಾಗಿ ರಾತ್ರಿಯಿಡೀ ಒಬ್ಬರು ಒಲೆಯ ಮುಂದೆ ಕೂತು, ಗಂಟೆ ಗಂಟೆಗೆ ಗಾಜಿನ ಕಿಂಡಿಯಿಂದ ಥರ್ಮಾಮೀಟರ್ ನೋಡಬೇಕು. ತಂಬಾಕು ಮಂಡಳಿ ಹುಟ್ಟಿದ್ದು 1976ರಲ್ಲಿ. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಬಂತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಮಾರುಕಟ್ಟೆಗಳಿಗೆ ಬೇಲು ಹೊತ್ತ ಗಾಡಿಗಳು ಸಾಲುಗಟ್ಟತೊಡಗಿದವು. ಒಂದು ಮನೆಯ ಇಡೀ ವರ್ಷದ ದುಡಿಮೆ ಗೋಣಿತಟ್ಟಿನಲ್ಲಿ ಸುತ್ತಿದ ಬೇಲುಗಳಾಗಿ ತಿಂಗಳುಗಟ್ಟಲೆ ಮನೆಯಲ್ಲಿರುವಂತಾಯಿತು. ಬ್ಯಾಂಕಿನ ಸಾಲ ಆ ಬೇಲುಗಳ ಮೇಲೆ, ಮಗಳ ಮದುವೆ ಆ ಬೇಲುಗಳ ಮೇಲೆ. ಕಾಯುವ ಕಣ್ಣುಗಳು ಮಾತ್ರ ಕಡಿಮೆಯಾಗುತ್ತ ಬಂದವು. ಹುಡುಗರು ಮೈಸೂರು, ಬೆಂಗಳೂರಿಗೆ ಹೋದರು. ಅಟ್ಟಣೆ ಹತ್ತಬೇಕಾದ ವಯಸ್ಸಿನವರ ಜಾಗದಲ್ಲಿ ಮೊಣಕಾಲು ನೋವಿನ ಹಿರಿಯರು ಉಳಿದರು.

ಕ್ಯಾಮೆರಾ ಬಂದದ್ದು ಆ ಖಾಲಿ ಜಾಗಕ್ಕೆ. ಆದರೆ ಈ ಸೀಮೆಯಲ್ಲಿ ಅದು ಮನೆಗಿಂತ ಮೊದಲು ಕಾಡಿಗೆ ಬಂತು.

ಯಾರೂ ಹಿಡಿದಿರದ ಕ್ಯಾಮೆರಾ ತಾನಾಗಿ ಪ್ರಾಣಿಯ ಚಿತ್ರ ತೆಗೆಯುವ ಉಪಾಯ ಹೊಸದಲ್ಲ. ಅಮೆರಿಕದ ಜಾರ್ಜ್ ಶಿರಾಸ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ದಾರದ ಎಳೆ ತಾಗಿದರೆ ಬೆಳಕು ಚಿಮ್ಮುವಂತೆ ಮಾಡಿ ಜಿಂಕೆಗಳ ಚಿತ್ರ ತೆಗೆದ. ಭಾರತದಲ್ಲಿ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿ ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಹುಲಿಗಳನ್ನು ಹೀಗೆಯೇ ಸೆರೆಹಿಡಿದ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ ಎಂಬುದು ಆತನಿಗೆ ಚಿತ್ರಗಳಿಂದ ಸ್ಪಷ್ಟವಾಗಿತ್ತು. ಆ ಅರಿವನ್ನು ಲೆಕ್ಕದ ಶಾಸ್ತ್ರವಾಗಿ ಬೆಳೆಸಿದ ಕೆಲಸ ನಡೆದದ್ದು ನಾಗರಹೊಳೆಯಲ್ಲಿ. 1980ರ ದಶಕದಿಂದ ಅಲ್ಲಿ ಸಂಶೋಧನೆ ನಡೆಸುತ್ತಿದ್ದ ಕೆ. ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ಕಾಡಿನ ದಾರಿಗಳಲ್ಲಿ ಕ್ಯಾಮೆರಾ ಟ್ರ್ಯಾಪ್ ಹೂಡಿದರು. ದಾರಿಯ ಎರಡು ಬದಿಗೆ, ಹೆಚ್ಚುಕಡಿಮೆ ಮೊಣಕಾಲೆತ್ತರದಲ್ಲಿ, ಎದುರುಬದುರಾಗಿ ಎರಡು ಕ್ಯಾಮೆರಾ. ಹುಲಿಯ ಎಡಮೈ ಪಟ್ಟೆಯೂ ಬಲಮೈ ಪಟ್ಟೆಯೂ ಬೇರೆ ಬೇರೆ ಇರುವುದರಿಂದ ಎರಡೂ ಬೇಕು. ಯಾವ ಹುಲಿ ಎಷ್ಟು ಸಲ ಮತ್ತೆ ಮತ್ತೆ ಸಿಕ್ಕಿತು ಎಂಬುದರಿಂದ ಕಾಡಿನಲ್ಲಿ ಒಟ್ಟು ಎಷ್ಟಿರಬಹುದು ಎಂದು ಅಂದಾಜಿಸುವ ಈ ವಿಧಾನ 1995ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2005ರಲ್ಲಿ ಸರಿಸ್ಕಾದಲ್ಲಿ ಹುಲಿಯೇ ಉಳಿದಿಲ್ಲವೆಂದು ಬಯಲಾದಾಗ ಹೆಜ್ಜೆಗುರುತಿನ ಹಳೆಯ ಗಣತಿಯ ಮೇಲಿನ ನಂಬಿಕೆ ಕುಸಿಯಿತು, ದೇಶವೇ ಕ್ಯಾಮೆರಾದ ಕಡೆ ತಿರುಗಿತು. 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟು 3.48 ಕೋಟಿಗೂ ಹೆಚ್ಚು ಚಿತ್ರ ತೆಗೆದರು. ಅವುಗಳಲ್ಲಿ ಹುಲಿಯವು 76,651, ಚಿರತೆಯವು 51,777. ಗಿನ್ನೆಸ್ ದಾಖಲೆಗೆ ಸೇರಿದ ಲೆಕ್ಕ ಅದು.

ಮಂಜು, ತೇವ, ಬ್ಯಾಟರಿಯ ಪಾಠಗಳನ್ನು ಕಾಡಿನ ಕ್ಯಾಮೆರಾ ಮೊದಲೇ ಕಲಿಸಿತ್ತು. ಆರಂಭದ ಯಂತ್ರಗಳಲ್ಲಿ ಮೂವತ್ತಾರು ಚಿತ್ರಗಳ ಫಿಲ್ಮ್ ಸುರುಳಿ ಇರುತ್ತಿತ್ತು. ಗಾಳಿಗೆ ಅಲ್ಲಾಡಿದ ಕೊಂಬೆಯೋ ಒಂದು ಜಿಂಕೆ ಹಿಂಡೋ ಅದನ್ನು ಮುಗಿಸಿಬಿಟ್ಟರೆ ಆಮೇಲೆ ಬಂದ ಹುಲಿಗೆ ಫಿಲ್ಮ್ ಇಲ್ಲ. ಪೆಟ್ಟಿಗೆಯ ಸಂದಿಯಲ್ಲಿ ಇರುವೆ ಗೂಡು ಕಟ್ಟುತ್ತದೆ, ಆನೆ ಸೊಂಡಿಲಲ್ಲಿ ಕಿತ್ತು ಎಸೆಯುತ್ತದೆ, ಇಬ್ಬನಿ ಗಾಜಿನ ಮೇಲೆ ಕೂರುತ್ತದೆ. ಇದಕ್ಕೆಲ್ಲ ಮದ್ದು ಒಂದೇ ಇತ್ತು: ಮನುಷ್ಯ ಹೋಗಿ ನೋಡುವುದು. ಆದಿವಾಸಿ ಹಾಡಿಗಳ ಸಹಾಯಕರು, ಕಳ್ಳಬೇಟೆ ತಡೆ ಶಿಬಿರದ ವಾಚರ್‌ಗಳು ನಡೆದು ಹೋಗಿ ಗಾಜು ಒರೆಸಿ, ಸೆಲ್ ಬದಲಿಸಿ, ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಇಟ್ಟು, ಮುಂದೆ ಬಗ್ಗಿ ನಡೆದು ಕ್ಯಾಮೆರಾ ಕ್ಲಿಕ್ ಆಗುತ್ತದೆಯೇ ಎಂದು ಪರೀಕ್ಷಿಸಿ ಬರುತ್ತಾರೆ. ಆ ಮೂರು ಕೋಟಿಯ ಲೆಕ್ಕ ಇವರ ಕಾಲುನಡಿಗೆಯ ಮೇಲೆ ನಿಂತಿದೆ.

ಮನೆ ಕಾಯುವ ಕ್ಯಾಮೆರಾದ ಚರಿತ್ರೆ ಬೇರೆ ದಿಕ್ಕಿನಿಂದ ಬರುತ್ತದೆ. ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ರಾತ್ರಿ ಪಾಳಿ, ತಡವಾಗಿ ಬರುವ ಪೊಲೀಸರು, ಬಾಗಿಲು ತಟ್ಟುವ ಅಪರಿಚಿತರ ನಡುವೆ ಬದುಕಿದ್ದವರು. ಬಾಗಿಲಿನ ಕಿಂಡಿಗಳ ಹಿಂದೆ ಮೇಲೆ ಕೆಳಗೆ ಜಾರುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಅದನ್ನು ತೋರಿಸುವ ಟಿ.ವಿ., ಮಾತಾಡಲು ಮೈಕು, ದೂರದಿಂದಲೇ ಬಾಗಿಲು ತೆರೆಯುವ ಗುಂಡಿ ಇರುವ ವ್ಯವಸ್ಥೆಯನ್ನು ಗಂಡ ಆಲ್ಬರ್ಟ್ ಜೊತೆ ರೂಪಿಸಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರ್ 2ರಂದು ಪೇಟೆಂಟ್ ಸಿಕ್ಕಿತು. ಊರು ತನ್ನನ್ನು ಕಾಯುವುದಿಲ್ಲ ಎಂದು ತಿಳಿದ ಮನೆಯೊಂದು ತನ್ನ ಕಾವಲನ್ನು ತಾನೇ ಕಟ್ಟಿಕೊಂಡ ಉದಾಹರಣೆ ಇದು. ಗ್ರಾಮ ಹುದ್ದೆಗಳು ಹೋದ ಮೇಲೆ ಹುಣಸೂರು ಸೀಮೆಯ ಮನೆಗಳು ಮುಟ್ಟಿದ್ದೂ ಅದೇ ಜಾಗ, ಐವತ್ತು ವರ್ಷ ತಡವಾಗಿ. ಕ್ಯಾಮೆರಾ ಮೊದಲು ಚಿನ್ನದಂಗಡಿ, ಬ್ಯಾಂಕು, ಪೆಟ್ರೋಲ್ ಬಂಕುಗಳಿಗೆ ಬಂತು. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜನ ಹೆಚ್ಚು ಸೇರುವ ಜಾಗಗಳಲ್ಲಿ ಕ್ಯಾಮೆರಾ ಕಡ್ಡಾಯ ಮಾಡಿ, 30 ದಿನದ ದೃಶ್ಯ ಉಳಿಸಬೇಕೆಂದು ಹೇಳಿತು. ಆಮೇಲೆ ಮೊಬೈಲ್ ಸಿಮ್ ಹಾಕಿ, ಸೋಲಾರ್ ಫಲಕ ಕಟ್ಟಿ ಹೊಲದ ಕಂಬಕ್ಕೇ ಏರಿಸಬಹುದಾದ ಅಗ್ಗದ ಕ್ಯಾಮೆರಾಗಳು ಬಂದವು. ಶುಂಠಿ ಕಣ, ಪಂಪ್‌ಸೆಟ್ಟಿನ ಕೇಬಲ್, ಕುರಿ ದೊಡ್ಡಿ ಎಲ್ಲದಕ್ಕೂ ಒಂದೊಂದು ಕಣ್ಣು.

ಈ ಯಂತ್ರಗಳ ಜೊತೆ ಬರುವ ಪುಸ್ತಿಕೆಗಳಲ್ಲಿ ಚಳಿಯೆಂದರೆ ಹಿಮ. ಟೊರಾಂಟೊದಲ್ಲೋ ಮಿನಿಯಾಪೊಲಿಸ್‌ನಲ್ಲೋ ನೆಲೆಸಿದ ಕನ್ನಡ ಮನೆಯ ಬಾಗಿಲಲ್ಲಿ ಅದು ನಿಜವಾದ ತೊಂದರೆ. ಸೊನ್ನೆಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ತೆಗೆದುಕೊಳ್ಳುವುದಿಲ್ಲ, ಗಾಜಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಹುಣಸೂರಿನಲ್ಲಿ ಅಂಥ ಚಳಿ ಎಂದೂ ಬರುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಬಯಲಲ್ಲಿ ಹಗಲಿನ 27–28 ಡಿಗ್ರಿ ಮಾಗಿಯ ನಸುಕಿಗೆ 15ರ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಯಂತ್ರಕ್ಕೆ ಅದು ಚಳಿಯೇ ಅಲ್ಲ. ಇಲ್ಲಿನ ಶತ್ರು ಇಬ್ಬನಿ.

ಮೋಡವಿಲ್ಲದ ರಾತ್ರಿ ನೆಲ, ತಗಡು, ಗಾಜು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತವೆ. ಬಯಲಿಗೆ ಮುಖ ಮಾಡಿದ ಗಾಜು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಹನಿಯಾಗಿ ಕೂರುತ್ತದೆ. ಕೆರೆ, ಹಿನ್ನೀರು, ನೀರು ಹಾಯಿಸಿದ ಗದ್ದೆ ಹತ್ತಿರವಿದ್ದರೆ ತೇವ ಇನ್ನೂ ಹೆಚ್ಚು. ಸೂರಿನ ಕೆಳಗಿನ ಗಾಜಿಗೆ ಆಕಾಶ ಕಾಣುವುದಿಲ್ಲವಾದ್ದರಿಂದ ಅದು ಅಷ್ಟು ತಣ್ಣಗಾಗುವುದಿಲ್ಲ. ಮಾಗಿಯಲ್ಲಿ ಅಂಗಳದ ಮಂಚವನ್ನು ಜಗಲಿಗೆ ಎಳೆದುಕೊಳ್ಳುತ್ತಿದ್ದ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು. ಬಯಲಲ್ಲಿ ಹೊದ್ದ ಕಂಬಳಿ ಒದ್ದೆಯಾಗುತ್ತಿತ್ತು, ಸೂರಿನ ಕೆಳಗೆ ಹೊದ್ದದ್ದು ಒಣಗಿರುತ್ತಿತ್ತು. ಅರ್ಧ ತೊಂದರೆ ಕ್ಯಾಮೆರಾವನ್ನು ಕಂಬದ ತುದಿಯಿಂದ ಇಳಿಸಿ ಸೂರಿನ ಒಳಕ್ಕೆ ಒಂದು ಗೇಣು ಸರಿಸಿದರೆ ಹೋಗುತ್ತದೆ. ಸೂರಿಲ್ಲದ ಕಡೆ ತಗಡಿನ ಒಂದು ಮರೆ ಸಾಕು.

ಉಳಿದರ್ಧ ಬೆಳಕಿನದು. ರಾತ್ರಿ ನೋಡಲು ಕ್ಯಾಮೆರಾ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಇನ್‌ಫ್ರಾರೆಡ್ ಕಿರಣ ಬಿಡುತ್ತದೆ. ಕಾವಳದಲ್ಲಿ ಬೈಕಿನ ಹೈಬೀಮ್ ಹಾಕಿದರೆ ಎದುರಿನ ರಸ್ತೆಯೇ ಮಾಯವಾಗುವಂತೆ, ಈ ಕಿರಣಗಳೂ ಮಂಜಿನ ಹನಿಗೆ ಬಡಿದು ವಾಪಸ್ಸು ಬಂದು ಚಿತ್ರವನ್ನು ಬಿಳಿಯಾಗಿಸುತ್ತವೆ. ದೀಪದ ಬಿಸುಪಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ. ಇಬ್ಬನಿ ಹಿಡಿದ ಬಲೆಯ ಒಂದು ಎಳೆ ಪರದೆಯ ತುಂಬ ಹಗ್ಗದಂತೆ ಹೊಳೆಯುತ್ತದೆ. ಕ್ಯಾಮೆರಾದೊಳಗಿನ ದೀಪ ಆರಿಸಿ, ಹತ್ತಡಿ ಪಕ್ಕಕ್ಕೆ ಬೇರೆಯೇ ಇನ್‌ಫ್ರಾರೆಡ್ ದೀಪ ಅಥವಾ ಸಾದಾ ಎಲ್‌ಇಡಿ ಬಲ್ಬ್ ಹಾಕಿದರೆ ದೃಶ್ಯ ಎಷ್ಟೋ ತಿಳಿಯಾಗುತ್ತದೆ. ಮಂಜಿನ ಅಲೆಯನ್ನೇ ಚಲನೆ ಎಂದು ತಿಳಿದು ಫೋನು ರಾತ್ರಿಯಿಡೀ ಬಡಿದುಕೊಳ್ಳುವುದು ಇನ್ನೊಂದು ಪೀಡೆ. ಮೂರು ರಾತ್ರಿ ಸಹಿಸಿದವರು ನಾಲ್ಕನೆಯ ರಾತ್ರಿ ಅಲರ್ಟ್ ಆರಿಸಿ ಮಲಗುತ್ತಾರೆ, ಜನವರಿ ಕಳೆದರೂ ಮತ್ತೆ ಹಾಕುವುದಿಲ್ಲ. ಸೂಕ್ಷ್ಮತೆ ಇಳಿಸಿ, ಮನುಷ್ಯರನ್ನಷ್ಟೇ ಗುರುತಿಸುವ ಆಯ್ಕೆ ಇದ್ದರೆ ಅದನ್ನು ಹಾಕಿಕೊಳ್ಳುವುದು ಮೇಲು.

ತೋಟದ ಮನೆಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವ ದೋಷ ಬೇರೆಯೇ ಇದೆ. ಹಗಲೆಲ್ಲ ಸರಿಯಾಗಿರುವ ಕ್ಯಾಮೆರಾ ಕತ್ತಲಾದೊಡನೆ ಆರುತ್ತದೆ, ಹತ್ತುತ್ತದೆ, ಮತ್ತೆ ಆರುತ್ತದೆ. ಚಳಿಗೆ ಕೆಟ್ಟಿತೆಂದು ಹೊಸದು ಕೊಂಡವರಿದ್ದಾರೆ, ಹೊಸದೂ ಹಾಗೇ ಮಾಡುತ್ತದೆ. ಕಾರಣ ವೈರಿನಲ್ಲಿದೆ. ಮನೆಯೊಳಗಿನ 12 ವೋಲ್ಟ್ ಅಡಾಪ್ಟರಿನಿಂದ ಬ್ಯಾರನ್ ತನಕ ಎಳೆದ ತೆಳು ತಂತಿಯಲ್ಲಿ ವೋಲ್ಟೇಜ್ ಸೋರಿಹೋಗುತ್ತದೆ. ಹಗಲು ಹೇಗೋ ಸಾಲುತ್ತದೆ. ರಾತ್ರಿ ದೀಪ ಹತ್ತಿದಾಗ ಕ್ಯಾಮೆರಾ ಹೆಚ್ಚು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಆರುತ್ತದೆ. ಆರಿದೊಡನೆ ಎಳೆತ ನಿಂತು ವೋಲ್ಟೇಜ್ ಏರಿ ಮತ್ತೆ ಹತ್ತುತ್ತದೆ. ಸಂಜೆಯ ಮಂಕು ಸಿಂಗಲ್ ಫೇಸ್ ಇದನ್ನು ಹೆಚ್ಚಿಸುತ್ತದೆ. ಜೋಡಣೆಗಳಲ್ಲಿ ಇಬ್ಬನಿ ಇಳಿದು ಹಸಿರು ಕಿಲುಬು ಹಿಡಿದಿದ್ದರೆ ಮುಗಿದೇ ಹೋಯಿತು. ದಪ್ಪ ತಂತಿ ಎಳೆಯಬೇಕು, ಅಡಾಪ್ಟರನ್ನು ಕ್ಯಾಮೆರಾ ಹತ್ತಿರದ ಪೆಟ್ಟಿಗೆಗೆ ಒಯ್ಯಬೇಕು, ಕಿಲುಬು ಕೆರೆದು ಟೇಪು ಸುತ್ತಬೇಕು, ಹನಿ ಅಲ್ಲೇ ತೊಟ್ಟಿಕ್ಕಿ ಬೀಳುವಂತೆ ತಂತಿಯನ್ನು ಕೆಳಗೆ ಬಳುಕಿಸಿ ಆಮೇಲೆ ಒಳಗೆ ಬಿಡಬೇಕು. ಜೊತೆಗೆ ದೃಶ್ಯ ಉಳಿಸುವ ಡಿ.ವಿ.ಆರ್. ಪೆಟ್ಟಿಗೆಯ ಗಡಿಯಾರವನ್ನೂ ನೋಡಬೇಕು. ಪದೇ ಪದೇ ಕರೆಂಟ್ ಹೋಗಿ ಒಳಗಿನ ಗುಂಡಿ ಸೆಲ್ ಸತ್ತರೆ ದಿನಾಂಕ ಹಿಂದಕ್ಕೆ ಓಡಿರುತ್ತದೆ. ದೃಶ್ಯವನ್ನು ಸಾಕ್ಷಿಯಾಗಿ ಕೊಡುವಾಗ 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಂತೆ ಪ್ರಮಾಣಪತ್ರ ಬೇಕು. ತಪ್ಪು ದಿನಾಂಕ ಅಲ್ಲಿ ಆರೋಪಿಯ ಕಡೆಯ ವಕೀಲರಿಗೆ ಸಿಕ್ಕ ವರ.

ಈ ಯಾವುದೂ ದೊಡ್ಡ ವಿದ್ಯೆಯಲ್ಲ. ಏಣಿ, ಒಣ ಮೆದು ಬಟ್ಟೆ, ಕುಂಚ, ಟೆಸ್ಟರ್ ಹಿಡಿದ ಒಬ್ಬರು ವಾರಕ್ಕೊಮ್ಮೆ ಬಂದು ಹೋದರೆ ಮುಗಿಯುವ ಕೆಲಸ. ಕಾಡಿನ ಕ್ಯಾಮೆರಾಕ್ಕೆ ಅಂಥ ಮನುಷ್ಯ ಇದ್ದಾನೆ, ಊರಿನ ಕ್ಯಾಮೆರಾಕ್ಕೆ ಇಲ್ಲ. ಅಂಗಡಿಯವರು ಹಾಕಿ ಹೋದ ಮೇಲೆ ಎಪ್ಪತ್ತರ ಹಿರಿಯರಿಗೆ ಏಣಿ ಹತ್ತಲು ಆಗುವುದಿಲ್ಲ, ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಬಿಳಿ ಪರದೆ ನೋಡಿ ಗಾಬರಿಯಾಗುತ್ತಾನೆ.

ಮಾಡಬಹುದಾದದ್ದು ಕಣ್ಣ ಮುಂದೆಯೇ ಇದೆ. ರಾಗಿ ಕೊಯ್ಲಿಗೆ ಮುಂಚೆ, ನವೆಂಬರ್ ಮೊದಲ ವಾರದಲ್ಲಿ, ಗ್ರಾಮ ಪಂಚಾಯಿತಿಯೊಂದು ಐ.ಟಿ.ಐ. ಓದಿದ ಇಬ್ಬರು ಹುಡುಗ ಹುಡುಗಿಯರನ್ನು ಮಾಗಿ ಮುಗಿಯುವ ತನಕ ಸಂಬಳಕ್ಕೆ ತೆಗೆದುಕೊಳ್ಳಬಹುದು. ಊರ ಬೀದಿಯ, ಡೇರಿಯ, ಸಾಮೂಹಿಕ ಕಣದ ಕ್ಯಾಮೆರಾಗಳ ಜೊತೆ ಒಂಟಿ ಹಿರಿಯರ ಮನೆಯ ಕ್ಯಾಮೆರಾಗಳನ್ನೂ ಅವರ ಸುತ್ತಿಗೆ ಸೇರಿಸಬಹುದು. ಖರ್ಚಿಗೆ ಕ್ಯಾಮೆರಾ ಇರುವ ಮನೆಗಳು ಸುಗ್ಗಿಯಲ್ಲಿ ಒಂದಿಷ್ಟು ವಂತಿಗೆ ಕೊಡಬಹುದು. ಹಳೆಯ ಆಯದಲ್ಲಿ ಉಳಿಸಿಕೊಳ್ಳಬೇಕಾದದ್ದು ಅಷ್ಟೇ, ಎಲ್ಲರ ಕಣದಿಂದ ಎಲ್ಲರ ಕಾವಲಿಗೆ ಪಾಲು. ಹುಟ್ಟಿನ ಹೊರೆ ಇದರಲ್ಲಿ ಬೇಡ, ಕೂಲಿ ಕೈಗೆ ನಗದಾಗಿ ಬರಬೇಕು, ಕೆಲಸ ಬೇಡವೆನಿಸಿದರೆ ಬಿಟ್ಟು ಹೋಗುವ ಹಕ್ಕಿರಬೇಕು. ತಂಬಾಕು ಹರಾಜು ಮುಗಿಯುವ ಹೊತ್ತಿಗೆ ಯಾವ ಮನೆಯ ಕ್ಯಾಮೆರಾ ಎಷ್ಟು ರಾತ್ರಿ ಕುರುಡಾಗಿತ್ತು ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ, ಮುಂದಿನ ಮಾಗಿಗೆ ಏನು ಕೊಳ್ಳಬೇಕು, ಎಲ್ಲಿ ಕಟ್ಟಬೇಕು, ಯಾವ ತಂತಿ ಬದಲಿಸಬೇಕು ಎಂಬುದನ್ನು ಊರೇ ಕೂತು ತೀರ್ಮಾನಿಸಬಹುದು.